ಹಾಡಿನಿಂದ ಮರಕ್ಕೆ

ಕೊಳ್ಳೇಗಾಲದ ಕಡೆಯ ಮರಗೆಲಸದವನು ನಾನು. ಕೆತ್ತನೆಗೆ ನನಗೆ ಗುರುವಿಲ್ಲ. ಮಲೆ ಮಾದಪ್ಪನ ರೂಪವನ್ನು ಕಂಡದ್ದು ದೇವರಗುಡ್ಡರ ಕಂಸಾಳೆ ಹಾಡಿನಲ್ಲಿ. ಮಂಟೇಸ್ವಾಮಿ, ಸಿದ್ದಪ್ಪಾಜಿಯರನ್ನು ಕಂಡದ್ದು ನೀಲಗಾರರ ತಂಬೂರಿ ಹಾಡಿನಲ್ಲಿ.

ರಂಗನಾಥನನ್ನೋ ಈಶ್ವರನನ್ನೋ ಕಡೆಯುವ ಶಿಲ್ಪಿಗೆ ಧ್ಯಾನಶ್ಲೋಕವಿದೆ, ತಾಳಮಾನದ ಅಳತೆಯಿದೆ. ಆ ಪರಂಪರೆಯಲ್ಲಿ ಪಳಗಿದ ಕೈ ಎಂಥದ್ದೆಂದು ತಿಳಿಯಲು ಯಳಂದೂರಿನ ಗೌರೀಶ್ವರ ಗುಡಿಯ ಬಳೆಮಂಟಪ ಸಾಕು. ಕಲ್ಲಿನ ಬಳೆಗಳು ಒಂದರೊಳಗೊಂದು ಸೇರಿ ಅಲ್ಲಿ ತೂಗುತ್ತವೆ. ನಮ್ಮ ದೇವರುಗಳಿಗೆ ಅಂಥ ಶ್ಲೋಕವಿಲ್ಲ. ಮಾದಪ್ಪ ಹುಲಿ ಏರಿ ಬರುತ್ತಾನೆ ಎಂಬುದನ್ನು ಎಲ್ಲರೂ ಬಲ್ಲರು. ಮಿಕ್ಕದ್ದನ್ನು ಹಾಡಿನೊಳಗೇ ಹುಡುಕಬೇಕು.

ಸಂಕಮ್ಮನನ್ನೇ ನೋಡಿ. ಸೋಲಿಗರ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಕೈಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅದಕ್ಕೇ ಅವಳನ್ನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕೆತ್ತನೆಯ ಹಲಗೆ ಮಾಡಿಸುವವರು ಕೇಳುವುದು ಕಡೆಯ ಪವಾಡವನ್ನೇ. ನಾನು ಕೆತ್ತುವುದು ಭಾಷೆ ಕೊಡದ ಗಳಿಗೆಯನ್ನು. ನೀಲಯ್ಯ ಕೈ ಚಾಚಿದ್ದಾನೆ, ಸಂಕಮ್ಮನ ಎರಡೂ ಕೈ ಬೆನ್ನ ಹಿಂದಿವೆ. ರಾತ್ರಿಯಿಡೀ ನಡೆಯುವ ಕಥೆಯಲ್ಲಿ ಹೆಂಗಸರು ತುಟಿ ಬಿಗಿಹಿಡಿದು ಕೂರುವುದು ಆ ಗಳಿಗೆಯಲ್ಲೇ. ಶಿವನೆ ಮರ ಮೆದು, ಮುಖದ ಆ ಬಿಗಿತ ಅದರಲ್ಲಿ ಚೆನ್ನಾಗಿ ಮೂಡುತ್ತದೆ.

1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಾದಪ್ಪನ ಬೆಟ್ಟಕ್ಕೆ ಇಂದಿಗೂ ತಮಿಳು ಸೀಮೆಯ ಒಕ್ಕಲು ನಡೆದು ಬರುತ್ತದೆ. ಈಗ ಬೆಟ್ಟ ಹನೂರು ತಾಲ್ಲೂಕಿಗೆ ಸೇರಿದೆ. ಗಡಿ ಎಷ್ಟು ಸರಿದರೂ ಆಲಂಬಾಡಿಯ ಜುಂಜೇಗೌಡ ಮಾದಪ್ಪನಿಗೆ ಗುಡಿ ಕಟ್ಟಿಸಿದ ಕಥೆ ಎರಡೂ ಕಡೆಯವರದ್ದು.

ನನ್ನನ್ನು ಬಹಳ ಕಾಡಿದ ಹಲಗೆ ಹಲಗೂರಿನದು. ಕಬ್ಬಿಣದ ಭಿಕ್ಷೆ ಬೇಡಲು ಹೋದ ಸಿದ್ದಪ್ಪಾಜಿಯನ್ನು ಅಲ್ಲಿನ ಪಾಂಚಾಳ ಕಮ್ಮಾರರು ಒಂದಾದ ಮೇಲೊಂದು ಪರೀಕ್ಷೆಗೆ ಒಡ್ಡುತ್ತಾರೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಸೇರುವ ಜನಕ್ಕೆ ಈ ಪಾಲು ಬಾಯಿಪಾಠ. ಪಾಂಚಾಳರನ್ನು ಕೋರೆಹಲ್ಲಿನ ರಾಕ್ಷಸರಂತೆ ತೋರಿಸುವುದು ಸುಲಭ, ನೋಡುವವರೂ ಮೆಚ್ಚುತ್ತಾರೆ. ಆದರೆ ನನ್ನ ಉಳಿ, ಬಾಚಿಗೆ ಹದ ಹಾಕಿಕೊಟ್ಟವರು ಅದೇ ಕುಲಕಸುಬಿನವರು. ಹಾಡಿನಲ್ಲೂ ಅವರು ಕೊನೆಗೆ ಸಿದ್ದಪ್ಪಾಜಿಯ ಒಕ್ಕಲೇ ಆಗುತ್ತಾರೆ. ಆದ್ದರಿಂದ ನನ್ನ ಹಲಗೆಯಲ್ಲಿ ಒಬ್ಬ ತಿದಿ ಒತ್ತುತ್ತಾನೆ, ಇನ್ನೊಬ್ಬ ಇಕ್ಕಳ ಹಿಡಿದಿದ್ದಾನೆ, ಮೂರನೆಯವನು ಸುತ್ತಿಗೆ ಇಳಿಸಿ ಬಾಗಿಲಲ್ಲಿ ನಿಂತವನ ಕಡೆ ನೋಡುತ್ತಿದ್ದಾನೆ.