ಪಾಪೆಯ ಹಿಂದಣ ಪಟಲ

ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯದ ಸುತ್ತಣ ತೆಂಗಿನ ಸೀಮೆಯಲ್ಲಿ ನೇತ್ರರೋಗವೆಂದರೆ ಬಹುಕಾಲ ಪೊರೆಯೊಂದೇ ಎಂಬ ಭಾವನೆ ಬೇರೂರಿದ್ದುದರಲ್ಲಿ ಸೋಜಿಗವೇನಿಲ್ಲ; ಬೆಳ್ಳಗಾದ ಪಾಪೆಯನ್ನು ಕಾಯಿ ಸುಲಿಯುವ ನೆರೆಯವನೂ ಕಂಡು ಹೇಳಬಲ್ಲನು, ಅದರ ಹಿಂದಣ ಅಕ್ಷಿಪಟಲದಲ್ಲಿ ರಕ್ತ ಜಿನುಗಿದರೆ ಹೇಳುವವರಾರು? 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಭವ್ಯ ಕಟ್ಟಡಕ್ಕೆ ಬಂದ ಬೆಂಗಳೂರಿನ ಮಿಂಟೋ ಆಸ್ಪತ್ರೆಯವರೆಗೆ ಹೋದವರಲ್ಲಿಯೂ ಕೆಲವರು, 'ಕಣ್ಣಿನ ನರ ಹೋಗಿದೆಯಂತೆ' ಎಂಬ ಒಂದೇ ಮಾತನ್ನು ಹೊತ್ತು ಮರಳಿದ್ದಿರಬೇಕು.

ವೈದ್ಯನಿಗಾದರೂ ಆ ಪಟಲ ಸುಲಭದಲ್ಲಿ ಗೋಚರವಾದುದಲ್ಲ. ಕಣ್ಣೊಳಕ್ಕೆ ಹೊಕ್ಕ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗುವುದರಿಂದ, ಇಣುಕಿದವನ ತಲೆಯೇ ದೀಪಕ್ಕೆ ಅಡ್ಡವಾಗುತ್ತಿತ್ತು. ಓರೆಯಾಗಿ ಹಿಡಿದ ಗಾಜಿನಿಂದ ಬೆಳಕನ್ನು ಒಳಕ್ಕೆ ತಿರುಗಿಸಿ, ಅದೇ ಗಾಜಿನ ಮೂಲಕ ನೋಡುವ ಉಪಾಯವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದನು. ಆದರೆ ಕಂಡದ್ದು ಕಂಡವನ ನೆನಪಿನಲ್ಲಿಯೋ ಕೈಯಿಂದ ಬರೆದ ಚಿತ್ರದಲ್ಲಿಯೋ ಉಳಿಯಬೇಕಾಗಿತ್ತು. 1886ರಲ್ಲಿ ಇಂಗ್ಲೆಂಡಿನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಜೀವಂತ ಮನುಷ್ಯನ ಅಕ್ಷಿಪಟಲವನ್ನು ಛಾಯಾಚಿತ್ರದಲ್ಲಿ ಹಿಡಿದಾಗ, ಎರಡೂವರೆ ನಿಮಿಷ ದೃಷ್ಟಿ ನೆಟ್ಟು ಕುಳಿತ ಆ ವ್ಯಕ್ತಿಯ ಸಹನೆಗೂ ಕೀರ್ತಿಯಲ್ಲಿ ಪಾಲು ಸಲ್ಲಬೇಕೆಂದು ನನ್ನ ಮತ. 1926ರ ಹೊತ್ತಿಗೆ ಜೈಸ್ ಕಂಪನಿಯ ಕ್ಯಾಮೆರಾ ಬಂದಿತು. 1961ರಲ್ಲಿ ತೋಳಿನ ರಕ್ತನಾಳಕ್ಕೆ ಬಣ್ಣ ಚುಚ್ಚಿ ಕಣ್ಣಿನ ರಕ್ತನಾಳಗಳನ್ನು ಚಿತ್ರಿಸುವ ಕ್ರಮ ಪ್ರಕಟವಾಯಿತು. ಸೂಜಿಯ ಹಂಗಿಲ್ಲದೆ, ಕೇವಲ ಬೆಳಕಿನ ಪ್ರತಿಫಲನದಿಂದ ಪಟಲದ ಪದರಗಳನ್ನು ಬಿಡಿಸಿ ತೋರುವ ಓಸಿಟಿ ವಿಧಾನ 1991ರದು.

ಕರ್ನಾಟಕದ ಹಳ್ಳಿಗಾಡಿಗೆ ಈ ವಿದ್ಯೆ ಇಳಿದುಬಂದದ್ದು ತೀರ ಈಚೆಗೆ. ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣುಗಳನ್ನು ಜಿಲ್ಲೆಗಳ ಆಸ್ಪತ್ರೆಗಳಲ್ಲಿಯೇ ತಂತ್ರಜ್ಞರು ಚಿತ್ರಿಸಿ, ದೂರದ ತಜ್ಞರಿಗೆ ಕಳುಹಿಸುವ ಕಿಡ್‌ರಾಪ್ ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿತು. ಪಾಪೆಯನ್ನು ಹಿಗ್ಗಿಸದೆಯೇ ಚಿತ್ರ ತೆಗೆಯುವ 'ತ್ರಿನೇತ್ರ' ಎಂಬ ಯಂತ್ರವನ್ನು ಬೆಂಗಳೂರಿನ ಫೋರಸ್ ಹೆಲ್ತ್ ನಿರ್ಮಿಸಿತು. ಇದು ಅಲ್ಪಲಾಭವಲ್ಲ. ಪಾಪೆ ಹಿಗ್ಗಿಸುವ ಔಷಧ ಬಿಡಿಸಿಕೊಂಡು ಆ ತೆಂಗಿನ ಸೀಮೆಯ ಹುಳಿಯಾರಿನ ಬಸ್ಸಿಳಿದವನಿಗೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಚುಚ್ಚಿ, ಕೈಹಿಡಿದು ನಡೆಸಲು ಜೊತೆಗೆ ಬಂದ ಮಗನ ಒಂದು ದಿನದ ಕೂಲಿಯೂ ಹೋಗುತ್ತಿತ್ತಷ್ಟೆ.

ಇಷ್ಟಾದರೂ, ಸಕ್ಕರೆ ಕಾಯಿಲೆಯ ಹಿರಿಯರು ಸುಮ್ಮನೆ ಒಪ್ಪುವವರಲ್ಲ. 'ನನಗೆ ಚೆನ್ನಾಗೇ ಕಾಣ್ತದಲ್ಲ ಸ್ವಾಮಿ, ಫೋಟೋ ಯಾಕೆ?' ಎಂದು ಕೇಳುವರು. ಆ ರೋಗವಾದರೋ, ದೃಷ್ಟಿಗೆ ಲವಲೇಶವೂ ಕುಂದು ತೋರದಿರುವಾಗಲೇ ಪಟಲದ ಸೂಕ್ಷ್ಮನಾಳಗಳಲ್ಲಿ ಬೊಕ್ಕೆಯೇಳಿಸುವಂಥದು.