ರಟ್ಟು ಕಟ್ಟುವ ಹುಡುಗನ ಭೌತಶಾಸ್ತ್ರ

“ನಾವು ಸಾಹಿತ್ಯದ ವಿದ್ಯಾರ್ಥಿಗಳು, ಭೌತಶಾಸ್ತ್ರವೆಂದರೆ ಬರಿಯ ಗಣಿತ, ಅದು ನಮಗೇಕೆ?” ಎಂದು ಹುಡುಗರು ಮುಖ ತಿರುಗಿಸುವುದುಂಟು. ಕನ್ನಡ ಪಂಡಿತನಾದ ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಮೈಕೇಲ್ ಫ್ಯಾರಡೆಯ ಚರಿತ್ರೆಯನ್ನು ಓದಿದ ಮೇಲೆ ಆ ಭ್ರಮೆ ಹರಿಯಿತು.

1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನ ಮನೆಯಲ್ಲಿ ಹುಟ್ಟಿದ ಆತ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತನು; ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದನು. ಉಚ್ಚ ಗಣಿತ ಅವನಿಗೆ ಬಾರದು. ಆದರೆ ಕಣ್ಣು ಬಹು ಚುರುಕು. ಸೂಜಿಗಲ್ಲಿನ ಮೇಲೆ ಕಾಗದವಿರಿಸಿ, ಕಬ್ಬಿಣದ ಪುಡಿ ಉದುರಿಸಿ, ಮೆಲ್ಲಗೆ ತಟ್ಟಿ ನೋಡಿ: ಪುಡಿ ಬಾಗುಗೆರೆಗಳಾಗಿ ನಿಲ್ಲುತ್ತದೆ. ಬರಿದೆಂದು ತೋರುವ ಆ ಎಡೆಯೆಲ್ಲ ಬಲದಿಂದ ತುಂಬಿದೆಯೆಂದು ಫ್ಯಾರಡೆ ತಿಳಿದನು. ತಂತಿಯ ಸುರುಳಿಯೊಳಗೆ ಸೂಜಿಗಲ್ಲನ್ನು ಆಡಿಸಿದರೆ ವಿದ್ಯುತ್ತು ಹರಿಯುವುದೆಂದು 1831ರಲ್ಲಿ ತೋರಿಸಿದನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಹುಟ್ಟಿದ್ದೂ ಈ ತತ್ತ್ವದಿಂದಲೇ.

ಫ್ಯಾರಡೆಯ ಗೆರೆಗಳನ್ನು ಗಣಿತಕ್ಕೆ ತಂದವನು ಮ್ಯಾಕ್ಸ್‌ವೆಲ್. 1857ರಲ್ಲಿ ಫ್ಯಾರಡೆ ಅವನಿಗೆ ಕಾಗದ ಬರೆದು, ಗಣಿತಜ್ಞರು ತಾವು ಕಂಡುದನ್ನು ಸಾಮಾನ್ಯರ ಮಾತಿನಲ್ಲಿಯೂ ಹೇಳಬಾರದೇ ಎಂದು ಕೇಳಿದನು. ಮುಂದೆ ಮ್ಯಾಕ್ಸ್‌ವೆಲ್ಲನ ಸಮೀಕರಣಗಳು ಸೂಚಿಸಿದ ಅಲೆಗಳನ್ನು ಜರ್ಮನಿಯ ಹರ್ಟ್ಸ್ 1887-88ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದನು. ನಿಮ್ಮ ಮನೆಯ ರೇಡಿಯೋ ಮಾತನಾಡುವುದು ಆ ಜಾತಿಯ ಅಲೆಗಳಿಂದಲೇ.

ಫ್ಯಾರಡೆ ಕೇಳಿದ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ. ಕನ್ನಡದಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರು ವಿಜ್ಞಾನಿಗಳು ಮಾತ್ರವಲ್ಲ. ಭಾಷೆಯನ್ನು ಕಲಿತ ನಾವೂ ಹೌದು.