ಕಾರಿನ ಒಳಾಂಗಣ ಶಬ್ದನಿರೋಧನ

ಕಾರಿನ ಒಳಾಂಗಣ ಶಬ್ದನಿರೋಧನ ಎಂದರೆ ವಾಹನದ ತಗಡುಗಳ ಕಂಪನವನ್ನು ತಗ್ಗಿಸಿ, ಹೊರಗಿನ ಸದ್ದನ್ನು ತಡೆದು, ಒಳಬಂದ ಸದ್ದನ್ನು ಹೀರಿಕೊಳ್ಳುವಂತೆ ಮಾಡುವ ಕ್ರಮ. ಬಾಗಿಲು, ನೆಲ, ಚಾವಣಿ ಮತ್ತು ಡಿಕ್ಕಿಯ ಒಳಮೈಗೆ ಸೂಕ್ತ ಹಾಳೆಗಳನ್ನು ಅಂಟಿಸಿ ಇದನ್ನು ಸಾಧಿಸಲಾಗುತ್ತದೆ. ಕಡಿಮೆ ಬೆಲೆಯ ಕಾರುಗಳಲ್ಲಿ ತೂಕ ಮತ್ತು ವೆಚ್ಚ ಉಳಿಸಲು ಈ ಹೊದಿಕೆಯನ್ನು ಮಿತವಾಗಿ ಬಳಸುವುದರಿಂದ, ಮಾಲೀಕರು ಅದನ್ನು ಆಮೇಲೆ ಹಾಕಿಸಿಕೊಳ್ಳುವುದುಂಟು. ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡಿನಂತಹ ಬಿಸಿಲು ಪ್ರದೇಶಗಳಲ್ಲಿ ಬೆಲೆಯ ಜೊತೆಗೆ ಶಾಖ ತಾಳುವ ಗುಣವೂ ಸಾಮಗ್ರಿಯ ಆಯ್ಕೆಯನ್ನು ನಿರ್ಧರಿಸುತ್ತದೆ.

ಶಬ್ದದ ಮೂಲಗಳು

ಕಾರಿನೊಳಗಿನ ಸದ್ದಿಗೆ ಎಂಜಿನ್, ಟೈರು, ಗಾಳಿ ಮತ್ತು ಅಕ್ಕಪಕ್ಕದ ವಾಹನಗಳು ಮುಖ್ಯ ಕಾರಣ. ಸಿರುಗುಪ್ಪ ಮತ್ತು ಬಳ್ಳಾರಿಯನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎಯಂತಹ ರಸ್ತೆಗಳಲ್ಲಿ ಭತ್ತ, ಅಕ್ಕಿ ಮತ್ತು ಅದಿರು ಸಾಗಿಸುವ ಲಾರಿಗಳ ಸದ್ದೂ ಸೇರುತ್ತದೆ. ತೆಳುವಾದ ತಗಡು ಈ ಕಂಪನಗಳಿಗೆ ತಮಟೆಯ ಚರ್ಮದಂತೆ ಸ್ಪಂದಿಸಿ ಸದ್ದನ್ನು ಒಳಗೆ ಹರಡುತ್ತದೆ.

ಸಾಮಗ್ರಿಗಳು

- ಬ್ಯುಟೈಲ್ ರಬ್ಬರಿನ ಹಾಳೆ: ಒಂದು ಬದಿಗೆ ಅಲ್ಯೂಮಿನಿಯಂ ಹಾಳೆಯಿದ್ದು, ಇನ್ನೊಂದು ಬದಿ ತಾನೇ ಅಂಟುತ್ತದೆ. ತಗಡು ನಡುಗಿದಾಗ ನಡುವಿನ ರಬ್ಬರು ಹಿಗ್ಗಿ ಕುಗ್ಗಿ, ಕಂಪನದ ಶಕ್ತಿಯನ್ನು ಅಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ತಗಡಿನ ಇಡೀ ಮೈಯನ್ನು ಮುಚ್ಚಬೇಕಿಲ್ಲ. ನಡುಭಾಗದ ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದರೂ ಹೆಚ್ಚಿನ ಪ್ರಯೋಜನ ದೊರೆಯುತ್ತದೆ.
- ಡಾಂಬರು ಹಾಳೆ: ಮನೆಯ ತಾರಸಿಯ ಸೋರಿಕೆ ತಡೆಯಲು ಬಳಸುವ ಇದು ಅಗ್ಗ. ಆದರೆ ಬಿಸಿಗೆ ಮೆತ್ತಗಾಗಿ ವಾಸನೆ ಬೀರುತ್ತದೆ.
- ಮುಚ್ಚಿದ ಕೋಶಗಳ ಫೋಮ್: ನೀರು ಹೀರುವುದಿಲ್ಲ. ಬಿಡಿಭಾಗಗಳ ಕಿರುಗುಟ್ಟುವಿಕೆಯನ್ನು ತಗ್ಗಿಸುತ್ತದೆ ಮತ್ತು ಶಾಖವನ್ನೂ ತಡೆಯುತ್ತದೆ.
- ಭಾರವಾದ ವಿನೈಲ್ ಹಾಳೆ: ಗಾಳಿಯ ಮೂಲಕ ಬರುವ ಸದ್ದಿಗೆ ತಡೆಗೋಡೆಯಾಗುತ್ತದೆ. ತೂಕ ಮತ್ತು ಬೆಲೆ ಹೆಚ್ಚು.
- ನಾರಿನ ಹೊದಿಕೆ: ಹತ್ತಿ, ಸೆಣಬು ಅಥವಾ ಪಾಲಿಯೆಸ್ಟರ್ ನಾರನ್ನು ಒತ್ತಿ ಮಾಡಿದ ಇದು ಒಳಬಂದ ಸದ್ದನ್ನು ಹೀರುತ್ತದೆ.

ಬಿಸಿಲಿನ ಪರಿಣಾಮ

ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಚಾವಣಿಯ ತಗಡು ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ರಸ್ತೆಗೆ ಬಳಸುವ ವಿಜಿ-30 ದರ್ಜೆಯ ಡಾಂಬರಿಗೆ ಭಾರತೀಯ ಮಾನಕ ನಿಗದಿಪಡಿಸಿರುವ ಕನಿಷ್ಠ ಮೃದುಬಿಂದು 47 ಡಿಗ್ರಿ. ಹಾಳೆಗಳ ಡಾಂಬರು ಇದಕ್ಕಿಂತ ಗಟ್ಟಿಯಾಗಿರಬಹುದಾದರೂ, ಅಗ್ಗದ ಹಾಳೆಯ ಶಾಖ ಮಿತಿಯನ್ನು ಮಾರಾಟಗಾರ ಬರಹದಲ್ಲಿ ತಿಳಿಸದಿದ್ದರೆ ಅದನ್ನು ಚಾವಣಿಗೂ ಬಾಗಿಲಿಗೂ ಬಳಸಬಾರದು. ಬಾಗಿಲಿನೊಳಗೆ ಜಾರಿದ ಡಾಂಬರು ಗಾಜು ಏರಿಳಿಸುವ ಯಂತ್ರವನ್ನು ಕೆಡಿಸಬಲ್ಲದು.

ಜೀನ್ಸ್ ಬಟ್ಟೆಯ ಮರುಬಳಕೆ

ಬಳ್ಳಾರಿ ಜೀನ್ಸ್ ಉಡುಪುಗಳ ತಯಾರಿಕೆಗೆ ಹೆಸರಾದ ನಗರ. ಹಳೆಯ ಜೀನ್ಸ್ ಬಟ್ಟೆಯ ಹತ್ತಿ ನಾರು ಕಾರು ಉದ್ಯಮದಲ್ಲಿಯೂ ಬಳಕೆಯಾಗಿದೆ: 2013ರ ಫೋರ್ಡ್ ಫ್ಯೂಷನ್ ಕಾರಿನ ಶಬ್ದನಿರೋಧಕ ಹೊದಿಕೆಯಲ್ಲಿ ಎರಡಕ್ಕೂ ತುಸು ಹೆಚ್ಚು ಜೀನ್ಸ್ ಪ್ಯಾಂಟುಗಳಷ್ಟು ಬಟ್ಟೆ ಇದೆಯೆಂದು ಕಂಪನಿ ತಿಳಿಸಿತ್ತು. ಆದರೆ ಹೊಲಿಗೆಯ ಕೋಣೆಯ ಚೂರುಗಳನ್ನು ಹಾಗೆಯೇ ತುಂಬುವುದು ಸುರಕ್ಷಿತವಲ್ಲ. ಹತ್ತಿ ತೇವ ಹೀರಿ ತಗಡಿಗೆ ತುಕ್ಕು ಹಿಡಿಸಬಹುದು. ಬೇಗ ಹೊತ್ತಿಕೊಳ್ಳುತ್ತದೆ ಕೂಡ. ನಾರಾಗಿ ಬಿಡಿಸಿ, ಒತ್ತಿ, ಬೆಂಕಿ ತಡೆಯುವ ಸಂಸ್ಕರಣೆ ನೀಡಿದ ಹೊದಿಕೆ ಮಾತ್ರ ಯೋಗ್ಯ.

ಮಿತವ್ಯಯದ ಕ್ರಮ

ಮೊದಲಿಗೆ ಬಾಗಿಲಿನ ಸವೆದ ರಬ್ಬರು ಪಟ್ಟಿ, ಟೈರಿನ ಗಾಳಿ ಮತ್ತು ಸಡಿಲ ಕ್ಲಿಪ್ಪುಗಳನ್ನು ಸರಿಪಡಿಸಬೇಕು; ಇದಕ್ಕೆ ಖರ್ಚು ಅತ್ಯಲ್ಪ. ಬಳಿಕ ತಗಡನ್ನು ಬೆರಳಿನಿಂದ ತಟ್ಟಿ ನೋಡಬೇಕು. ಝಣಝಣಿಸುವ ಭಾಗಕ್ಕೆ ಬ್ಯುಟೈಲ್ ಹಾಳೆಯ ಅಗತ್ಯವಿದೆ. ಮಂದವಾಗಿ ಸದ್ದು ಮಾಡುವ ಭಾಗಕ್ಕೆ ಇಲ್ಲ. ಹಣ ಕಡಿಮೆಯಿದ್ದಲ್ಲಿ ಮುಂದಿನ ಎರಡು ಬಾಗಿಲು ಮತ್ತು ಹಿಂದಿನ ಚಕ್ರಗಳ ಮೇಲ್ಭಾಗದಿಂದ ಆರಂಭಿಸಬಹುದು. ಧೂಳು ಮತ್ತು ಎಣ್ಣೆಯನ್ನು ಪೂರ್ಣವಾಗಿ ಒರೆಸಿ, ರೋಲರಿನಿಂದ ಒತ್ತಿದರೆ ಮಾತ್ರ ಹಾಳೆ ನಿಲ್ಲುತ್ತದೆ.

ಸುರಕ್ಷತೆ

ಬಾಗಿಲಿನ ತಳದ ನೀರು ಹರಿಯುವ ರಂಧ್ರಗಳು, ಗಾಜಿನ ಹಾದಿ ಮತ್ತು ಏರ್‌ಬ್ಯಾಗಿನ ಭಾಗಗಳನ್ನು ಮುಚ್ಚಬಾರದು. ಎಂಜಿನ್ ಗೋಡೆಯ ಬಳಿ ಸಾಮಾನ್ಯ ಫೋಮ್ ಅಥವಾ ಥರ್ಮೋಕೋಲ್ ಬಳಕೆ ಅಪಾಯಕರ. ವಾಹನದ ಒಳಾಂಗಣ ಸಾಮಗ್ರಿಗಳು ಹೊತ್ತಿ ಉರಿಯುವ ಗುಣಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 15061; ಖರೀದಿಗೆ ಮುನ್ನ ಅದಕ್ಕೆ ಅನುಗುಣವಾದ ಪರೀಕ್ಷೆಯ ವಿವರ ಕೇಳುವುದು ಸೂಕ್ತ. ಹಾಳೆಗಳು ವಾಹನದ ತೂಕವನ್ನು ಹೆಚ್ಚಿಸುವುದರಿಂದ, ಅಗತ್ಯಕ್ಕಿಂತ ಹೆಚ್ಚು ಅಂಟಿಸಿದರೆ ಇಂಧನವೂ ವ್ಯರ್ಥವಾಗುತ್ತದೆ.